ಸಹಾಯ ಬೇಕು: ಹೆಣೆಯುವಾಗ ಹೆಬ್ಬೆರಳಿನ ಬುಡ ನೋಯುತ್ತಿದೆ

ಬಳಗದ ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ಚಳಿ ಹತ್ತಿರವಾಗುವುದರೊಳಗೆ ಮೊಮ್ಮಗಳ ಸ್ವೆಟರ್ ಮುಗಿಸಬೇಕೆಂದು ದಿನಕ್ಕೆ 2 ಗಂಟೆ ಹೆಣೆಯುತ್ತಿದ್ದೇನೆ; ಆದರೆ ಹದಿನೈದು ದಿನಗಳಿಂದ, ಇಪ್ಪತ್ತು ಸಾಲು ದಾಟುವಷ್ಟರಲ್ಲಿ ಬಲಗೈ ಹೆಬ್ಬೆರಳಿನ ಬುಡ ನೋಯತೊಡಗುತ್ತದೆ.

ನಾನು ಬಳಸುತ್ತಿರುವುದು 4 ಮಿ.ಮೀ. ದಪ್ಪದ, 35 ಸೆಂ.ಮೀ. ಉದ್ದದ ನೇರವಾದ ಲೋಹದ ಕಡ್ಡಿಗಳು. ಬೆನ್ನಿನ ಭಾಗದ 96 ಕುಣಿಕೆಗಳ ಭಾರವೆಲ್ಲ ಸಾಲಿನ ಕೊನೆಗೆ ಬಲಗಡ್ಡಿಯ ಮೇಲೆಯೇ ಕೂರುವುದರಿಂದ, ಅದನ್ನು ಎತ್ತಿ ಹಿಡಿಯುವ ಕೆಲಸ ಮಣಿಕಟ್ಟಿನದಾಗುತ್ತದೆ. ನನ್ನ ಕೈಯೂ ಬಿಗಿ; ಒಂದೊಂದು ಕುಣಿಕೆಯನ್ನೂ ಹೆಬ್ಬೆರಳಿನಿಂದ ತಳ್ಳಿದರೆ ಮಾತ್ರ ಅದು ತುದಿಗೆ ಸರಿಯುತ್ತದೆ.

ಎರಡು ಕಡ್ಡಿಗಳ ನಡುವೆ ಬಳುಕುವ ತಂತಿಯಿರುವ ವೃತ್ತಾಕಾರದ ಕಡ್ಡಿಯಲ್ಲಿ ಹೆಣಿಗೆಯ ಭಾರ ಮಡಿಲಿಗೆ ಇಳಿಯುತ್ತದೆ ಎಂಬುದನ್ನು ಬಲ್ಲೆ. ಅದರಲ್ಲಿ ಸುತ್ತು ಹಾಕದೆ, ಸಾಲು ಮುಗಿದೊಡನೆ ತಿರುಗಿಸಿ ಹೆಣೆಯುವವರು ನಿಮ್ಮಲ್ಲಿದ್ದರೆ ನೋವು ಕಡಿಮೆಯಾಯಿತೇ ಎಂದು ದಯವಿಟ್ಟು ತಿಳಿಸಿ. ಬಿಗಿಗೈಯವರಿಗೆ ಬಿದಿರಿನ ಕಡ್ಡಿ ಒಗ್ಗುತ್ತದೆಯೇ, ಅಥವಾ ಅದರ ಮೇಲೆ ಉಲ್ಲನ್ ಇನ್ನಷ್ಟು ತಡೆಯುತ್ತದೆಯೇ?

ಇನ್ನೊಂದು ಕುತೂಹಲ ಬಹಳ ದಿನಗಳಿಂದಿದೆ. ನನ್ನ ಉಲ್ಟಾ ಸಾಲುಗಳು ಸೀದಾ ಸಾಲುಗಳಿಗಿಂತ ಸಡಿಲವಾಗಿ, ಬಟ್ಟೆಯ ಹಿಂಬದಿಯಲ್ಲಿ ಜೋಡಿ ಗೆರೆಗಳಂತೆ ಕಾಣುತ್ತವೆ. ದಾರವನ್ನು ಎಡಗೈಯಲ್ಲಿ ಹಿಡಿಯಲು ಕಲಿತರೆ ಇದು ಸರಿಹೋಗುತ್ತದೆಯೇ? ಅರ್ಧ ಮುಗಿದ ಸ್ವೆಟರಿನಲ್ಲಿ ಹಿಡಿತ ಬದಲಿಸಿದರೆ ಅಳತೆ ಕೆಡುವ ಭಯವಿರುವುದರಿಂದ, ಅನುಭವಿಗಳ ಮಾತಿಗಾಗಿ ಕಾಯುತ್ತಿದ್ದೇನೆ.