ಪೊಲೀಸರ ಮುಂದೆ ಸುಮ್ಮನಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತಾ?

ಪ್ರಶ್ನೆ: ಚಿಕ್ಕಪ್ಪನ ಮಗನ ಮೇಲೆ ಹೊಡೆದಾಟದ ಕೇಸ್ ಆಗಿದೆ. ನಾಳೆ ಸ್ಟೇಷನ್‌ಗೆ ಕರೆದಿದ್ದಾರೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡಲೇಬೇಕಾ?

ಉತ್ತರ 1: ಬೇಕಿಲ್ಲ. ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ಹೇಳು ಅಂತ ಬಲವಂತ ಮಾಡೋ ಹಾಗಿಲ್ಲ, ಸಂವಿಧಾನದ 20(3)ನೇ ವಿಧಿಯಲ್ಲೇ ಇದೆ, ಇದು ಸ್ಟೇಷನ್ ವಿಚಾರಣೆಗೂ ಅನ್ವಯ ಅಂತ 1978ರಲ್ಲಿ ನಂದಿನಿ ಸತ್ಪತಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನೋಟಿಸ್ ಬಂದಿದ್ದರೆ ಹಾಜರಾಗಲೇಬೇಕು. ಹೆಸರು, ವಿಳಾಸ ಹೇಳಲಿ. ಸುಳ್ಳು ಮಾತ್ರ ಬೇಡ.

ಉತ್ತರ 2: ಇದೇ 20(3)ನೇ ವಿಧಿಯ ಮೇಲೆ ನಮ್ಮ ಕರ್ನಾಟಕದ್ದೇ ಸೆಲ್ವಿ ಕೇಸ್ ಇದೆಯಲ್ಲ, ಸುಪ್ರೀಂ ಕೋರ್ಟಿನ 2010ರದ್ದು. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ (ಔಷಧಿ ಕೊಟ್ಟು ಮಂಪರಿನಲ್ಲಿ ಬಾಯಿ ಬಿಡಿಸೋದು) ಮಾಡಬಾರದು ಅಂತ ಆಯ್ತು. ತುಂಬಾ ದೊಡ್ಡ ತೀರ್ಪು ಅದು.

ಉತ್ತರ 3: ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಲ್ಲಿ ನಡೆಯಲ್ಲ ಅಂತ ಧೈರ್ಯವಾಗಿ ಮಾತಾಡಿಬಿಡಬೇಡಿ. ಕಸ್ಟಡಿಯಲ್ಲಿ ಅವನು ಹೇಳಿದ ಜಾಗದಲ್ಲಿ ದೊಣ್ಣೆ ಸಿಕ್ಕರೆ, ಅದು ಸಿಗೋಕೆ ಕಾರಣವಾದಷ್ಟು ಮಾತು ಸಾಕ್ಷ್ಯ ಆಗುತ್ತೆ. ಇವತ್ತೇ ವಕೀಲರನ್ನು ನೋಡಿ.