ತಂತ್ರಾಂಶದ ಪರವಾನಗಿ ಒಪ್ಪಂದದಲ್ಲಿ ‘ಇಂಡೆಮ್ನಿಟಿ’ ಕಲಮು: ಸಹಿ ಹಾಕಿದರೆ ನಾನು ಏನನ್ನೆಲ್ಲ ಹೊರಬೇಕಾಗುತ್ತದೆ?

ಪ್ರಶ್ನೆ (ಗೋಣಿಕೊಪ್ಪಲಿನಿಂದ)

ಎಲ್ಲರಿಗೂ ನಮಸ್ಕಾರ. ನಾನು ಕಾಫಿ ತೋಟಗಳ ಲೆಕ್ಕಪತ್ರಕ್ಕೆ ಬೇಕಾದ ತಂತ್ರಾಂಶವನ್ನು ಒಬ್ಬನೇ ಬರೆದು ಮಾರುತ್ತೇನೆ. ಮೊದಲು ಅದರಲ್ಲಿ ಇದ್ದದ್ದು ಸಂಜೆ ಹಣ್ಣಿನ ತೂಕ, ಕೂಲಿ ಲೆಕ್ಕ, ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಬೀಜ) ಮತ್ತು ಚೆರ್ರಿ (ಹಾಗೆಯೇ ಒಣಗಿಸಿದ ಹಣ್ಣು) ಚೀಲಗಳ ದಾಸ್ತಾನು ಇಷ್ಟೇ. ಐರೋಪ್ಯ ಒಕ್ಕೂಟವು 2023ರಲ್ಲಿ ಅರಣ್ಯನಾಶ ತಡೆಯುವ ನಿಯಮವನ್ನು ತಂದ ಮೇಲೆ, ಕಾಫಿ ಯಾವ ಜಮೀನಿನಲ್ಲಿ ಬೆಳೆಯಿತೆಂದು ರಫ್ತುದಾರರು ಕೇಳತೊಡಗಿದ್ದರಿಂದ, ತೋಟದ ಗಡಿಯನ್ನು ಮೊಬೈಲಿನಲ್ಲಿ ಗುರುತಿಸುವ ಭಾಗವನ್ನೂ ಸೇರಿಸಿದೆ. ಆ ನಿಯಮದಂತೆ 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆ ಮೀರಿದ ಜಮೀನಿಗೆ ನಕ್ಷೆಯಲ್ಲಿ ಒಂದು ಬಿಂದು ಸಾಲದು, ಸುತ್ತಲಿನ ಗಡಿಯೇ ಬೇಕು.

ಈಗ ರಫ್ತು ಸಂಸ್ಥೆಯೊಂದು ತನಗೆ ಕಾಫಿ ಕೊಡುವ ತೋಟಗಳಿಗೆಲ್ಲ ಇದನ್ನು ಹಾಕಿಸಲು ಮುಂದೆ ಬಂದಿದೆ. ವರ್ಷದ ಶುಲ್ಕ 1,80,000 ರೂಪಾಯಿ. ಅವರು ಕಳುಹಿಸಿದ ಪರವಾನಗಿ ಒಪ್ಪಂದದ ಒಂದು ಕಲಮಿನ ಸಾರ ಹೀಗಿದೆ: ತಂತ್ರಾಂಶದ ಬಳಕೆಯಿಂದ ಅಥವಾ ಅದಕ್ಕೆ ಸಂಬಂಧಿಸಿ ಸಂಸ್ಥೆಗೆ ಉಂಟಾಗುವ ಯಾವುದೇ ಮತ್ತು ಎಲ್ಲ ನಷ್ಟ, ದಂಡ, ವಕೀಲರ ಶುಲ್ಕಗಳಿಂದ ನಾನು ಅವರನ್ನು ‘ಇಂಡೆಮ್ನಿಫೈ, ಡಿಫೆಂಡ್ ಮತ್ತು ಹೋಲ್ಡ್ ಹಾರ್ಮ್‌ಲೆಸ್’ ಮಾಡತಕ್ಕದ್ದು, ಅಂದರೆ ಅವರ ನಷ್ಟ ತುಂಬಿಕೊಡಬೇಕು, ಅವರ ಪರವಾಗಿ ದಾವೆ ಎದುರಿಸಬೇಕು, ಅವರಿಗೆ ಹಾನಿ ತಟ್ಟದಂತೆ ನೋಡಿಕೊಳ್ಳಬೇಕು. ನನ್ನ ತಪ್ಪಿನಿಂದ ನಷ್ಟವಾದರೆ ಪರಿಹಾರ ಕೊಡಬೇಕೆಂಬುದು ನನಗೆ ಗೊತ್ತು, ಅದಕ್ಕೆ ನನ್ನ ತಕರಾರೂ ಇಲ್ಲ. ಈ ಕಲಮು ಅದನ್ನೇ ಹೇಳುತ್ತಿದೆಯೇ, ಅದಕ್ಕಿಂತ ಹೆಚ್ಚೇ? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಮಡಿಕೇರಿಯ ವಕೀಲರು)

ಹೆಚ್ಚು, ಬಹಳ ಹೆಚ್ಚು. ಠೇವಣಿ ರಸೀದಿ ಕಳೆದುಕೊಂಡವರಿಂದ ಬ್ಯಾಂಕಿನವರು ಇಂಡೆಮ್ನಿಟಿ ಬಾಂಡ್ ಬರೆಸಿಕೊಳ್ಳುವುದನ್ನು ತಾವು ನೋಡಿರಬಹುದು. ನಾಳೆ ಬೇರೊಬ್ಬರು ಮೂಲ ರಸೀದಿ ಹಿಡಿದು ಬಂದು ಬ್ಯಾಂಕಿಗೆ ನಷ್ಟವಾದರೆ ಅದನ್ನು ನಾನು ತುಂಬಿಕೊಡುತ್ತೇನೆ ಎಂಬುದೇ ಅದರ ತಿರುಳು. ಬರೆದುಕೊಟ್ಟವರು ಯಾವ ತಪ್ಪನ್ನೂ ಮಾಡಿರಬೇಕಾಗಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 124ನೇ ಕಲಮು ನಷ್ಟಭರ್ತಿ (ಇಂಡೆಮ್ನಿಟಿ) ಕರಾರನ್ನು ವಿವರಿಸುವುದೂ ಹೀಗೆಯೇ: ಮಾತು ಕೊಟ್ಟವನ ನಡೆಯಿಂದಾಗಲಿ, ಬೇರೆ ಯಾರದೇ ನಡೆಯಿಂದಾಗಲಿ ಉಂಟಾಗುವ ನಷ್ಟದಿಂದ ಇನ್ನೊಬ್ಬನನ್ನು ಪಾರುಮಾಡುವ ಮಾತು. ತಾವು ಹೇಳುವ ಪರಿಹಾರ 73ನೇ ಕಲಮಿಗೆ ಸೇರಿದ್ದು. ಅಲ್ಲಿ ಒಪ್ಪಂದ ಮುರಿದದ್ದು ಸಾಬೀತಾಗಬೇಕು, ದೂರದ ಮತ್ತು ಪರೋಕ್ಷ ನಷ್ಟಕ್ಕೆ ಪರಿಹಾರವಿಲ್ಲ, ನಷ್ಟ ತಗ್ಗಿಸಲು ಇದ್ದ ಮಾರ್ಗಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ನಷ್ಟಭರ್ತಿಯ ಮಾತನ್ನು ಅಗಲವಾಗಿ ಬರೆದುಕೊಟ್ಟ ಮೇಲೆ ಈ ತಡೆಗಳು ತಾವಾಗಿಯೇ ರಕ್ಷಣೆಗೆ ಬರುತ್ತವೆಂದು ನಂಬಿ ಕೂರಬೇಡಿ.

ಆ ಮೂರು ಇಂಗ್ಲಿಷ್ ಪದಗಳಲ್ಲಿ ನಡುವಿನದು ಚಿಕ್ಕವರಿಗೆ ಎಲ್ಲಕ್ಕಿಂತ ಭಾರವಾದದ್ದೆಂದು ನಾನು ತಿಳಿಯುತ್ತೇನೆ. ‘ಡಿಫೆಂಡ್’ ಎಂದು ಒಪ್ಪಿದರೆ, ಸಂಸ್ಥೆಯ ಮೇಲೆ ಯಾರೋ ದಾವೆ ಹೂಡಿದ ದಿನದಿಂದಲೇ, ಆ ದಾವೆಯಲ್ಲಿ ಹುರುಳಿದೆಯೋ ಇಲ್ಲವೋ ತಿಳಿಯುವ ಮೊದಲೇ, ವಕೀಲರ ಖರ್ಚು ತಮ್ಮದಾಗುತ್ತದೆ. ಸಂಸ್ಥೆ ಹಣ ಕಟ್ಟಿದ ಮೇಲಷ್ಟೇ ನನ್ನನ್ನು ಕೇಳಬಹುದು ಎಂದೂ ಎಣಿಸಬೇಡಿ. ಗಜಾನನ ಮೋರೇಶ್ವರ ಪರೇಲ್ಕರ್ ಪ್ರಕರಣದಲ್ಲಿ ಬೊಂಬಾಯಿ ಹೈಕೋರ್ಟು 1942ರಲ್ಲಿಯೇ, ಹೊಣೆ ಖಚಿತವಾಗಿದ್ದರೆ ಹಣ ತೆರುವ ಮೊದಲೂ ನಷ್ಟಭರ್ತಿಯನ್ನು ಕೇಳಬಹುದೆಂದು ಹೇಳಿದೆ.

125ನೇ ಕಲಮಿನಲ್ಲಿ ತಮಗೆ ನೆರವಾಗುವ ಒಂದು ಅಂಶವಿದೆ. ದಾವೆಯ ಖರ್ಚನ್ನಾಗಲಿ, ರಾಜಿಯ ಹಣವನ್ನಾಗಲಿ ವಸೂಲು ಮಾಡಬೇಕಾದರೆ, ನಷ್ಟಭರ್ತಿ ಪಡೆಯುವವರು ಮಾತು ಕೊಟ್ಟವನ ಸೂಚನೆಗಳನ್ನು ಮೀರಿ ನಡೆದಿರಬಾರದು. ಆದ್ದರಿಂದ ನೋಟಿಸು ಬಂದ ಇಷ್ಟು ದಿನದೊಳಗೆ ನನಗೆ ತಿಳಿಸಬೇಕು, ನನ್ನ ಲಿಖಿತ ಒಪ್ಪಿಗೆಯಿಲ್ಲದೆ ರಾಜಿಯಾಗಬಾರದು ಎಂದು ಬರೆಸಿದರೆ ತಾವು ಅತಿಯಾಗಿ ಕೇಳಿದಂತೆ ಆಗುವುದಿಲ್ಲ.

ಉತ್ತರ 2 (ವಿರಾಜಪೇಟೆಯವನು, ಈಗ ಬೆಂಗಳೂರಿನಲ್ಲಿ)

ವಕೀಲರು ಕಾನೂನನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ತಂತ್ರಾಂಶ ಖರೀದಿಯ ಒಪ್ಪಂದಗಳನ್ನು ಓದುವುದೇ ನನ್ನ ಕೆಲಸವಾದ್ದರಿಂದ ರೂಢಿಯ ಮಾತನ್ನು ಸೇರಿಸುತ್ತೇನೆ. ಸಾಮಾನ್ಯವಾಗಿ ತಂತ್ರಾಂಶ ಕೊಡುವವರು ಒಪ್ಪುವುದು ಒಂದು ಬಗೆಯ ನಷ್ಟಭರ್ತಿಯನ್ನು: ಈ ತಂತ್ರಾಂಶ ನಮ್ಮ ಕೃತಿಸ್ವಾಮ್ಯವನ್ನೋ ಪೇಟೆಂಟನ್ನೋ ಉಲ್ಲಂಘಿಸಿದೆಯೆಂದು ಮೂರನೆಯವರು ಖರೀದಿದಾರರ ಮೇಲೆ ದಾವೆ ಹೂಡಿದರೆ ಅದನ್ನು ನೋಡಿಕೊಳ್ಳುವುದು. ಇದು ನ್ಯಾಯವಾದದ್ದು, ಏಕೆಂದರೆ ಕೋಡು ಎಲ್ಲಿಂದ ಬಂತೆಂದು ಬಲ್ಲವರು ಬರೆದವರೇ. ಖರೀದಿದಾರರು ತಾವೇ ಕೋಡನ್ನು ತಿದ್ದಿದ್ದರೆ, ಬೇರೆ ತಂತ್ರಾಂಶಕ್ಕೆ ಜೋಡಿಸಿದ್ದರೆ ಈ ಹೊಣೆ ಇರುವುದಿಲ್ಲವೆಂದೂ ಬರೆಯುತ್ತಾರೆ.

ನೀವು ಮುಕ್ತ ತಂತ್ರಾಂಶದ, ಅಂದರೆ ಬೇರೆಯವರು ಬರೆದು ಎಲ್ಲರ ಬಳಕೆಗೆ ಬಿಟ್ಟ ಕೋಡಿನ ಭಾಗಗಳನ್ನು ಬಳಸಿರಬೇಕು. ನಕ್ಷೆ ತೋರಿಸಲು ಲೀಫ್‌ಲೆಟ್ ಬಳಸಿದ್ದರೆ ಅದರ ಬಿಎಸ್‌ಡಿ ಪರವಾನಗಿಯನ್ನು ತೆರೆದು ನೋಡಿ: ಇದ್ದದ್ದು ಇದ್ದಂತೆ ಕೊಟ್ಟಿದ್ದೇವೆ, ಯಾವ ಹೊಣೆಯೂ ನಮ್ಮದಲ್ಲ ಎಂದಿದೆ. ಇಂಥದ್ದೇ ಇನ್ನೊಂದು ಮುಕ್ತ ಪರವಾನಗಿಯಾದ 2004ರ ಅಪಾಚೆ 2.0ರ 9ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ನಿಮ್ಮ ಗಿರಾಕಿಗೆ ನೀವು ನಷ್ಟಭರ್ತಿಯ ಮಾತು ಕೊಡಬಹುದು, ಅದಕ್ಕೆ ಹಣವನ್ನೂ ಪಡೆಯಬಹುದು, ಆದರೆ ಅದು ನಿಮ್ಮ ಸ್ವಂತ ಹೊಣೆ, ಮತ್ತು ಆ ಮಾತಿನಿಂದ ಮೂಲ ಕೋಡು ಬರೆದವರಿಗೆ ತೊಂದರೆ ಬಂದರೆ ಅವರ ನಷ್ಟವನ್ನೂ ನೀವೇ ತುಂಬಬೇಕು. ಹೀಗೆ ಮೇಲಿನವರು ನಿಮಗೆ ಏನನ್ನೂ ಕೊಡುವುದಿಲ್ಲ, ಕೆಳಗಿನವರು ನಿಮ್ಮಿಂದ ಎಲ್ಲವನ್ನೂ ಕೇಳುತ್ತಾರೆ, ನಡುವೆ ನೀವೊಬ್ಬರೇ ನಿಂತಿರುತ್ತೀರಿ.

ಹೊಣೆಯ ಮಿತಿಯನ್ನು ಹೇಳುವ ಕಲಮು ಒಪ್ಪಂದದ ಇನ್ನೊಂದು ಕಡೆ ಇರುತ್ತದೆ, ಅದನ್ನು ಇದರ ಪಕ್ಕದಲ್ಲಿಟ್ಟು ಓದಿ. ಹಿಂದಿನ 12 ತಿಂಗಳ ಶುಲ್ಕವೇ ಗರಿಷ್ಠ ಹೊಣೆ ಎಂದು ಅಲ್ಲಿ ಬರೆದಿದ್ದರೂ, ‘ನಷ್ಟಭರ್ತಿಯ ಹೊಣೆಗೆ ಈ ಮಿತಿ ಅನ್ವಯಿಸದು’ ಎಂಬ ಒಂದು ಸಾಲು ಅದರ ಕೊನೆಯಲ್ಲಿ ಸೇರಿರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆ ಸಾಲಿದ್ದರೆ 1,80,000 ರೂಪಾಯಿಗಾಗಿ ನೀವು ಮಿತಿಯಿಲ್ಲದ ಹೊಣೆಯನ್ನು ಹೊತ್ತಂತೆ.

ಉತ್ತರ 3 (ಸಿದ್ದಾಪುರದ ಬೆಳೆಗಾರ)

ನಾನು ಕಾನೂನು ಓದಿದವನಲ್ಲ, ಆದರೆ ಗಡಿಯ ವಿಷಯದಲ್ಲಿ ಹೇಳಲೇಬೇಕಾದದ್ದಿದೆ. ಕಳೆದ ವರ್ಷ ನಮ್ಮ ತೋಟದ ರೈಟರ್ (ಲೆಕ್ಕ, ಮೇಲ್ವಿಚಾರಣೆ ನೋಡುವವರು) ಮೊಬೈಲ್ ಹಿಡಿದು ಗಡಿ ಸುತ್ತಿದರು. ಹೊಳೆಯ ಬದಿಯಲ್ಲಿ ಸಿಲ್ವರ್ ಓಕ್ ಮತ್ತು ಕಾಡುಮರಗಳ ದಟ್ಟ ನೆರಳಿರುವ ಕಡೆ ಗೆರೆಯು ಬೇಲಿ ದಾಟಿ ಪಕ್ಕದವರ ತೋಟದೊಳಕ್ಕೆ ಹೋಗಿತ್ತು. ಎಲೆ ಉದುರಿದ ಮೇಲೆ ಇನ್ನೊಮ್ಮೆ ಸುತ್ತಿದಾಗಲೇ ಸರಿಹೋಯಿತು. ಅದರ ಮೇಲೆ ನಮ್ಮ ಜಮ್ಮಾ ಬಾಣೆಯ (ಕೊಡಗಿನ ವಂಶಪಾರಂಪರ್ಯ ಹಿಡುವಳಿಯ) ಪಹಣಿಯಲ್ಲಿ ಇಂದಿಗೂ ಪಟ್ಟೇದಾರರ, ಅಂದರೆ ಮನೆತನದ ಹಿರಿಯರ ಹೆಸರೇ ಮುಂದಿದೆ, ಒಕ್ಕದವರು (ಮನೆತನದವರು) ಬಾಯಿಮಾತಿನಲ್ಲಿ ಹಂಚಿಕೊಂಡು ಸಾಗುವಳಿ ಮಾಡುತ್ತಿದ್ದೇವೆ. ನಾವು ತಪ್ಪು ಗಡಿಯನ್ನು ದಾಖಲಿಸಿ, ಅದರಿಂದ ಒಂದು ಕಂಟೇನರ್ ಕಾಫಿ ಯುರೋಪಿನಲ್ಲಿ ತಿರಸ್ಕೃತವಾದರೆ, ಅದೂ ‘ತಂತ್ರಾಂಶದ ಬಳಕೆಗೆ ಸಂಬಂಧಿಸಿದ’ ನಷ್ಟವೇ ಅಲ್ಲವೇ? ನಮ್ಮ ತಪ್ಪಿಗೆ ನೀವು ದಂಡ ಕಟ್ಟುವುದು ನಮಗೂ ಬೇಡ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಮಿತಿಯ ಕಲಮನ್ನು ತೆರೆದು ನೋಡಿದೆ, ಆ ಸಾಲು ಅಲ್ಲಿ ಇದ್ದೇ ಇದೆ. ಬದಲಾಗಿ ಹೀಗೆ ಬರೆಯಲೇ: ‘ನಾನು ಬರೆದ ಕೋಡು ಮೂರನೆಯವರ ಕೃತಿಸ್ವಾಮ್ಯವನ್ನು ಉಲ್ಲಂಘಿಸಿದೆಯೆಂಬ ದಾವೆಗಳಿಗೆ ಮಾತ್ರ, ಹಿಂದಿನ 12 ತಿಂಗಳ ಶುಲ್ಕದ ಎರಡರಷ್ಟನ್ನು ಮೀರದಂತೆ, ನಷ್ಟವನ್ನು ತುಂಬಿಕೊಡುತ್ತೇನೆ. ಬಳಕೆದಾರರು ದಾಖಲಿಸಿದ ಗಡಿ, ತೂಕ, ಮಾಲೀಕತ್ವದ ವಿವರಗಳ ನಿಖರತೆಗೆ ನಾನು ಹೊಣೆಯಲ್ಲ.’

ಉತ್ತರ 4 (ಮಡಿಕೇರಿಯ ವಕೀಲರು)

ಬಹುಮಟ್ಟಿಗೆ ಸರಿಯಾಗಿದೆ. ‘ದಾವೆಗಳಿಗೆ’ ಎಂದಷ್ಟೇ ಬಿಡದೆ ‘ನ್ಯಾಯಾಲಯವು ಅಂತಿಮವಾಗಿ ವಿಧಿಸಿದ ಅಥವಾ ನನ್ನ ಲಿಖಿತ ಒಪ್ಪಿಗೆಯಿಂದ ರಾಜಿಯಾದ ಮೊತ್ತಕ್ಕೆ’ ಎಂದು ಬರೆಯಿರಿ, ‘ಡಿಫೆಂಡ್’ ಪದವನ್ನು ತೆಗೆಸಿ. ರೈಟರ್ ದಾಖಲಿಸಿದ ಗಡಿ ಸರಿಯಾಗಿದ್ದು, ಅದನ್ನು ಉಳಿಸಿಡುವಾಗ ತಮ್ಮ ತಂತ್ರಾಂಶವೇ ಕೆಡಿಸಿದರೆ ಏನು ಮಾಡುವುದೆಂಬುದಕ್ಕೆ ತಮ್ಮ ಕರಡಿನಲ್ಲಿ ಉತ್ತರವಿಲ್ಲ, ಸಂಸ್ಥೆಯವರು ಮೊದಲು ಕೇಳುವುದೂ ಅದನ್ನೇ. ಅದನ್ನು ನಷ್ಟಭರ್ತಿಗೆ ಸೇರಿಸದೆ, ತಪ್ಪು ಸಾಬೀತಾದರೆ ಅದೇ ಮಿತಿಯೊಳಗೆ ಪರಿಹಾರ ಕೊಡುವುದಾಗಿ ಬೇರೆ ಕಲಮಿನಲ್ಲಿ ಬರೆಯಿರಿ. ಕರಡು ಸಿದ್ಧವಾದ ಮೇಲೆ, ಒಪ್ಪಂದದ ಉಳಿದ ಹಾಳೆಗಳನ್ನೂ ಹಿಡಿದುಕೊಂಡು ತಮಗೆ ಹತ್ತಿರದ ವಕೀಲರೊಬ್ಬರ ಬಳಿ ಒಂದು ಗಂಟೆ ಕುಳಿತುಕೊಳ್ಳಿ; ಈ ಕಲಮು ಇನ್ನಾವ ಕಲಮಿಗೆ ಕೊಂಡಿ ಹಾಕಿಕೊಂಡಿದೆಯೆಂದು ಇಡೀ ಒಪ್ಪಂದವನ್ನು ನೋಡದೆ ಇಲ್ಲಿಂದ ಯಾರೂ ಹೇಳಲಾಗದು.