ಹೊಸ ಬಲ್ಬ್ ಹಾಕಿದ ಮೇಲೆ ಎಡಗಡೆ ಹೆಡ್‌ಲೈಟ್ ಊದುಬತ್ತಿ ತರ ಉರಿಯುತ್ತಿದೆ, ತುರ್ತು

ಏಳುಸೀಟು · ಭಾನುವಾರ ರಾತ್ರಿ 8:10

ಬೆಳಗ್ಗೆ ಹತ್ತರಿಂದ ಬಾನೆಟ್ ಎತ್ತಿಕೊಂಡು ನಿಂತಿದ್ದೇನೆ. ಹೆಡ್‌ಲೈಟ್ ಬಲ್ಬ್ ಎರಡೂ ಹೊಸದು ತಂದು ಮನೆಯಲ್ಲೇ ಹಾಕಿದೆ. ಬಲಗಡೆ ಹತ್ತು ನಿಮಿಷದ ಕೆಲಸ. ಎಡಗಡೆ ಕೈ ತೂರಿಸೋಕೇ ಜಾಗ ಇಲ್ಲ. ಸ್ಪ್ರಿಂಗ್ ಕ್ಲಿಪ್ ಕಣ್ಣಿಗೆ ಕಾಣಲ್ಲ, ಮುಟ್ಟಿ ಮುಟ್ಟಿಯೇ ಹಾಕಬೇಕು. ಬೆರಳಿನ ಗೆಣ್ಣೆಲ್ಲ ತರಚಿ ಹೋಗಿದೆ. ಇಷ್ಟು ಮಾಡಿ ಸ್ವಿಚ್ ಹಾಕಿದರೆ ಎಡಗಡೆ ಬಲ್ಬ್ ಊದುಬತ್ತಿ ತುದಿಯ ತರ ಕೆಂಪಗಿದೆ, ಅಷ್ಟೇ. ಬುಧವಾರ ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೊರಟಿದ್ದೇವೆ, ಚಾರ್ಮಾಡಿ ಇಳಿಯುವಷ್ಟರಲ್ಲಿ ಕತ್ತಲಾಗುತ್ತೆ. ಬೇಗ ಹೇಳಿ.

ಸ್ಪ್ಯಾನರ್1012 · 8:31

ಯಾವ ಗಾಡಿ? ಯಾವ ಬಲ್ಬ್? ಹತ್ತಿರ ಬೀಳೋ ಲೋ ಬೀಮಾ, ದೂರ ಬೀಳೋ ಹೈ ಬೀಮಾ? ಇದ್ಯಾವುದೂ ಹೇಳದೆ ತುರ್ತು ಅಂದರೆ ಹೇಗೆ ಸ್ವಾಮಿ.

ಏಳುಸೀಟು · 8:40

ಎರ್ಟಿಗಾ. ಬಲ್ಬ್ ಮಾಮೂಲಿ.

ಹಳೇಡೀಸೆಲ್ · 8:52

ಫ್ಯೂಸ್. ಬೇರೆ ಏನೂ ಅಲ್ಲ, ನೋಡಿ.

ಸ್ಪ್ಯಾನರ್1012 · 8:58

ಫ್ಯೂಸ್ ಹೋಗಿದ್ದರೆ ಸಾಮಾನ್ಯವಾಗಿ ಆ ಕಡೆ ಪೂರ್ತಿ ಕತ್ತಲಾಗಿರುತ್ತೆ, ಕೆಂಪಗೆ ಉರಿಯೋದು ಕಡಿಮೆ. ನನ್ನ ಪ್ರಕಾರ ಬಲ್ಬೇ ಡೂಪ್ಲಿಕೇಟ್. ಈಗ ಮಾರ್ಕೆಟ್ಟಲ್ಲಿ ಡಬ್ಬ ಒರಿಜಿನಲ್ ತರ, ಒಳಗಿರೋದು ಇನ್ನೇನೋ. ನಿಮ್ಮದು ಮೊದಲನೇ ಮಾದರಿ ಎರ್ಟಿಗಾ ಆದರೆ ಎಚ್4 ಬಲ್ಬ್, 60/55 ವ್ಯಾಟ್ (ಹೈ 60, ಲೋ 55). ಒಂದೇ ಬಲ್ಬಿನಲ್ಲಿ ಎರಡು ಫಿಲಮೆಂಟ್ (ಉರಿಯೋ ತಂತಿ), ಹಿಂದೆ ಕರೆಂಟಿಗೆ ಮೂರು ಕಾಲು (ಪಿನ್). ಎಡಗಡೆಯದನ್ನ ಬಲಗಡೆಗೆ ಹಾಕಿ ನೋಡಿ.

ಹಳೇಡೀಸೆಲ್ · 9:04

ಅರ್ಧ ಸುಟ್ಟ ಫ್ಯೂಸ್ ನಾನು ನೋಡಿದ್ದೇನೆ.

ಸ್ಪ್ಯಾನರ್1012 · 9:06

ಅರ್ಧ ಬಸುರಿ ಅನ್ನೋ ಹಾಗಾಯ್ತು.

ಘಾಟಿಗಣಪ · 9:20

ಬರಿಗೈಲಿ ಗಾಜು ಮುಟ್ಟಿದಿರಾ? ಎಲ್ಲರೂ ಇಲ್ಲೇ ಎಡವೋದು. ಬೆರಳಿನ ಜಿಡ್ಡು ಅಂಟಿದ ಜಾಗ ಕಾದು ಗಾಜು ಮಬ್ಬಾಗುತ್ತೆ, ಬಲ್ಬ್ ಬೇಗ ಹೋಗುತ್ತೆ. ಸ್ಪಿರಿಟ್‌ನಲ್ಲಿ ಒರೆಸಿ ಹಾಕಿ.

ಹಳೇಡೀಸೆಲ್ · 9:33

ಮೂವತ್ತು ವರ್ಷದಿಂದ ಬರಿಗೈಲೇ ಹಾಕ್ತಿದ್ದೇನೆ, ಒಂದೂ ಹೋಗಿಲ್ಲ.

ಘಾಟಿಗಣಪ · 9:35

ಮೂವತ್ತು ವರ್ಷದ ಹಿಂದೆ ನಿಮ್ಮ ಗಾಡಿಯಲ್ಲಿ ಈ ತರ ಹ್ಯಾಲೊಜೆನ್ ಬಲ್ಬ್ ಇತ್ತಾ?

ಹಳೇಡೀಸೆಲ್ · 9:41

ಇತ್ತು. ನಿಮಗೆ ಗೊತ್ತಿಲ್ಲದಿದ್ದರೆ ಸುಮ್ನಿರಿ.

ಘಾಟಿಗಣಪ · 9:44

ಸರಿ ಬಿಡಿ. ಜಿಡ್ಡಿನಿಂದ ಬಲ್ಬಿನ ಆಯಸ್ಸು ಕಡಿಮೆಯಾಗುತ್ತೆ ಅಂದೆ, ಮೊದಲ ದಿನವೇ ಕೆಂಪಗೆ ಉರಿಯುತ್ತೆ ಅಂತ ಹೇಳಿಲ್ಲ. ಒಟ್ಟು ಇವರ ಸಮಸ್ಯೆ ಅದಲ್ಲ.

ಕ್ಸೆನಾನ್ ಕಿಂಗ್ · 9:50

ಎಲ್‌ಇಡಿ ಹಾಕಿ ಗುರು, ತಲೆನೋವೇ ಇರಲ್ಲ. ನನ್ನ ಗಾಡಿಗೆ ಎರಡೂ ಕಡೆ ಎಲ್‌ಇಡಿ, ಕೆಳಗೆ ಹಳದಿ ಫಾಗ್ ಲೈಟ್ ಎರಡು, ಮೇಲೆ ಲೈಟ್ ಬಾರ್. ಶಿರಾಡಿಯಲ್ಲಿ ರಾತ್ರಿ ಒಂದು ಗಂಟೆಗೆ ಹಗಲು ಮಾಡ್ಕೊಂಡು ಬಂದೆ. ಫೋಟೋ ಆಮೇಲೆ ಹಾಕ್ತೀನಿ.

ಮೀಟರ್ ಮಾಮ · 9:58

ನಿಮಗೆ ಹಗಲಾಯ್ತು, ಎದುರಿಗೆ ಬಂದ ಲಾರಿಯವನ ಗತಿ? ಹೆಡ್‌ಲೈಟ್ ಒಳಗಿನ ಹೊಳೆಯೋ ಬಟ್ಟಲು (ರಿಫ್ಲೆಕ್ಟರ್) ಲೆಕ್ಕ ಹಾಕಿರೋದು ಫಿಲಮೆಂಟ್ ಎಲ್ಲಿರುತ್ತೋ ಆ ಜಾಗಕ್ಕೆ. ಅಲ್ಲಿ ಎಲ್‌ಇಡಿ ತುರುಕಿದರೆ ಬೆಳಕು ಚೆಲ್ಲಾಪಿಲ್ಲಿ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟಿನ ಮೇಲೆ ಕೇಸು ಹಾಕೋಕೆ ಶುರು ಮಾಡಿದ್ದು ಸುಮ್ನೆ ಅಲ್ಲ.

ಏಳುಸೀಟು ಅವರೇ, ಒಂದೇ ಪ್ರಶ್ನೆ. ಲೋ ಬೀಮ್ ಹಾಕಿದಾಗ ಮೀಟರ್ ಬೋರ್ಡಿನ ಹೈ ಬೀಮ್ ನೀಲಿ ದೀಪ ಏನು ಮಾಡುತ್ತೆ?

ಸ್ಪ್ಯಾನರ್1012 · 10:05

ಮೊದಲು ಬಲ್ಬ್ ಅದಲು ಬದಲು ಮಾಡಲಿ. ಡೂಪ್ಲಿಕೇಟ್ ಅನ್ನೋದರಲ್ಲಿ ಡೌಟೇ ಇಲ್ಲ. ಕಾಲುಗಳ ಬೆಸುಗೆ ನೋಡಿ, ಒರಿಜಿನಲ್‌ನಲ್ಲಿ ನೀಟಾಗಿರುತ್ತೆ. ಡಬ್ಬದ ಹಾಲೊಗ್ರಾಂ ಉಜ್ಜಿ ನೋಡಿ. ಬಿಲ್ ತಗೊಂಡಿದ್ದೀರಾ?

ಏಳುಸೀಟು · ಸೋಮವಾರ ಬೆಳಗ್ಗೆ 7:15

ಅದಲು ಬದಲು ನಿನ್ನೆಯೇ ಮಾಡಿದ್ದೆನಲ್ಲ. ಅದೇ ಬಲ್ಬ್ ಬಲಗಡೆ ಚೆನ್ನಾಗಿ ಉರಿಯುತ್ತೆ, ಬಲಗಡೆಯದು ಎಡಕ್ಕೆ ಬಂದರೆ ಕೆಂಪಗಾಗುತ್ತೆ.

ನೀಲಿ ದೀಪ ಮಂಕಾಗಿ ಹತ್ತಿಕೊಂಡೇ ಇದೆ. ಅದು ಬೇರೆ ಸಮಸ್ಯೆ ಅಂದ್ಕೊಂಡಿದ್ದೆ.

ಮೀಟರ್ ಮಾಮ · 7:40

ಬೇರೆ ಅಲ್ಲ, ಅದೇ ಇದು. ಎಚ್4ರ ಮೂರು ಕಾಲಿನಲ್ಲಿ ಒಂದು ಲೋ, ಒಂದು ಹೈ, ಒಂದು ಎರಡಕ್ಕೂ ಕಾಮನ್. ಎಡಗಡೆ ಕಾಮನ್ ಕಾಲಿಗೆ ಸಂಪರ್ಕ ಸಿಗ್ತಾ ಇಲ್ಲ. ದಾರಿ ಮುಚ್ಚಿದ ಕರೆಂಟು ಎಡಗಡೆ ಲೋ ಫಿಲಮೆಂಟ್ ದಾಟಿ, ಅಲ್ಲಿಂದ ಹೈ ಫಿಲಮೆಂಟಿಗೆ ನುಗ್ಗಿ, ಹೈ ಬೀಮ್ ವೈರ್ ಹಿಡಿದು ಬಲಗಡೆ ಬಲ್ಬಿನ ಹೈ ಫಿಲಮೆಂಟಿಗೆ ಹೋಗುತ್ತೆ. 12 ವೋಲ್ಟನ್ನ ಮೂರು ಫಿಲಮೆಂಟ್ ಹಂಚಿಕೊಂಡರೆ ತಲಾ ನಾಲ್ಕು. ಅದಕ್ಕೇ ಕೆಂಪಗೆ. ನೀಲಿ ದೀಪವೂ ಅದೇ ವೈರಿಗೆ ಸೇರಿರೋದು, ಅದಕ್ಕೂ ಒಂದು ಗುಟುಕು ಸಿಕ್ಕಿದೆ.

ಬಲ್ಬ್ ಹೋಲ್ಡರಲ್ಲಿ ಸಿಕ್ಕಿಸಿಯೇ ಲೋ ಬೀಮ್ ಹಾಕಿ. ವೋಲ್ಟ್ ಅಳೆಯೋ ಮಲ್ಟಿಮೀಟರಿನ ಒಂದು ಮೊನೆ ಕಾಮನ್ ಕಾಲಿಗೆ, ಇನ್ನೊಂದು ಲೋ ಕಾಲಿಗೆ. ಎರಡೂ ಕಡೆ ಅಳೆಯಿರಿ.

ಹಳೇಡೀಸೆಲ್ · 8:02

ಮೀಟರ್ ಯಾಕೆ? ಬ್ಯಾಟರಿ ನೆಗೆಟಿವ್‌ನಿಂದ ಒಂದು ವೈರ್ ಎಳೆದು ಆ ಕಾಲಿಗೆ ಮುಟ್ಟಿಸಿ. ಉರಿದರೆ ಅರ್ತಿಂಗ್ ಹೋಗಿದೆ ಅಂತ.

ಮೀಟರ್ ಮಾಮ · 8:09

ದಯವಿಟ್ಟು ಹಾಗೆ ಮಾಡಬೇಡಿ. ಕೆಲವು ಗಾಡಿಗಳಲ್ಲಿ ಕಾಮನ್ ಕಾಲಿಗೆ ಬರೋದು ಪಾಸಿಟಿವ್, ಸ್ವಿಚ್ ಇರೋದು ನೆಗೆಟಿವ್ ಕಡೆ. ಅಲ್ಲಿ ನೆಗೆಟಿವ್ ವೈರ್ ಮುಟ್ಟಿಸಿದರೆ ನೇರ ಶಾರ್ಟ್. ಆಗ ನಿಮ್ಮ ಫ್ಯೂಸ್ ನಿಜವಾಗಿಯೂ ಹೋಗುತ್ತೆ.

ಸ್ಪ್ಯಾನರ್1012 · 8:30

ಎರಡೂ ಬಲ್ಬ್ ಡೂಪ್ಲಿಕೇಟ್ ಇರಬಹುದಲ್ವಾ?

ಏಳುಸೀಟು · ಸೋಮವಾರ ರಾತ್ರಿ 9:25

ಪಕ್ಕದ ಮನೆಯವರ ಮೀಟರ್ ತಂದೆ. ಎಂಜಿನ್ ಆಫ್. ಬಲಗಡೆ 11.9 ವೋಲ್ಟ್. ಎಡಗಡೆ 4.1.

ಮೀಟರ್ ಮಾಮ · 9:31

ಈಗ ಹೋಲ್ಡರ್ ಹಿಂದೆ ಕಾಮನ್ ವೈರ್ ಒಳಗೆ ಹೋಗುವ ಜಾಗದಲ್ಲಿ ಗುಂಡುಸೂಜಿ ತೂರಿಸಿ ಒಂದು ಮೊನೆ ಇಡಿ. ಇನ್ನೊಂದು ಬಲ್ಬಿನ ಕಾಮನ್ ಕಾಲಿಗೆ. ಸೊನ್ನೆ ಹತ್ತಿರ ಬರಬೇಕು.

ಏಳುಸೀಟು · 9:58

7.8 ಬಂತು. ಹೋಲ್ಡರ್ ಬಿಚ್ಚಿದಾಗ ಇನ್ನೊಂದು ಕಂಡೆ. ಮೂರು ತೂತಿನಲ್ಲಿ ಒಂದರ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿದೆ, ಕರಕಲು ಬೆಲ್ಲದ ಪಾಕದ ತರ. ಒಳಗಿನ ಹಿತ್ತಾಳೆ ಬಾಯಿ ಅಗಲ ಆಗಿ ಸಡಿಲಾಗಿದೆ. ಹೊಸ ಬಲ್ಬಿಗೆ ಹೀಗಾಗುತ್ತಾ?

ಮೀಟರ್ ಮಾಮ · 10:03

ಒಂದೇ ದಿನದಲ್ಲಿ ಆಗಲ್ಲ. ಆ 7.8 ವೋಲ್ಟ್ ಕಳೆದುಹೋಗ್ತಿರೋದು ಆ ಸಡಿಲ ಜಾಯಿಂಟಿನಲ್ಲೇ. ಮೊದಲು ಇದ್ದ ಬಲ್ಬ್ ಎಷ್ಟು ವ್ಯಾಟ್?

ಏಳುಸೀಟು · 10:10

ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ 100/90 ಹಾಕಿಸಿದ್ದೆ. ಹೇಳಲಿಲ್ವಾ? ಅದು ಹೋಗಿದ್ದಕ್ಕೇ ಈಗ 60/55 ತಂದಿದ್ದು.

ಸ್ಪ್ಯಾನರ್1012 · 10:12

ಹೇಳಲಿಲ್ಲ!!

ಮೀಟರ್ ಮಾಮ · 10:24

60 ವ್ಯಾಟಿಗೆ 5 ಆಂಪಿಯರ್. 100 ವ್ಯಾಟಿಗೆ 8ಕ್ಕೂ ಜಾಸ್ತಿ. ಅದೇ ಜಾಯಿಂಟಿನಲ್ಲಿ ಬಿಸಿ ಹೆಚ್ಚೂಕಡಿಮೆ ಮೂರು ಪಟ್ಟು. ಲೋ ಹಾಕಿದರೂ ಹೈ ಹಾಕಿದರೂ ಕಾಮನ್ ಕಾಲಿನಲ್ಲೇ ಹರೀಬೇಕು, ಅದಕ್ಕೇ ಆ ಒಂದು ತೂತು ಮಾತ್ರ ಬೆಂದಿರೋದು. ಹಳೇ ಬಲ್ಬ್ ಅಲ್ಲಿ ಹೇಗೋ ಕಚ್ಚಿಕೊಂಡಿತ್ತು. ನೀವು ಎಳೆದಾಗ ಬಿಟ್ಟುಕೊಂಡಿತು.

ಪಿನ್ ಅಮುಕಿ ಹಾಕಿದರೆ ನಾಲ್ಕು ದಿನ ನಡೆಯುತ್ತೆ. ಘಾಟಿ ಇಳಿಯೋರು ಆ ಕೆಲಸ ಮಾಡಬೇಡಿ. ಸೆರಾಮಿಕ್ ಎಚ್4 ಹೋಲ್ಡರ್, ವೈರ್ ಸಮೇತ ಸಿಗುತ್ತೆ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಹಳೇದನ್ನ ಕತ್ತರಿಸಿ, ಬಣ್ಣ ನೋಡಿ ಒಂದೊಂದೇ ವೈರ್ ಸೇರಿಸಿ. ಮೂರೂ ಒಟ್ಟಿಗೆ ಕತ್ತರಿಸಬೇಡಿ, ಆಮೇಲೆ ಯಾವುದು ಯಾವುದು ಅಂತ ಇಲ್ಲಿಗೇ ಬರ್ತೀರಿ.

ಕ್ಸೆನಾನ್ ಕಿಂಗ್ · 10:40

100/90 ಹಾಕೋದಾದ್ರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್) ಕಿಟ್ ಬೇಕು ಗುರು. ನಂದು ಬ್ಯಾಟರಿಯಿಂದ ನೇರ ದಪ್ಪ ವೈರ್, ಎರಡು ರಿಲೇ, ಪ್ರತಿ ಕಡೆಗೂ ಬೇರೆ ಫ್ಯೂಸ್. ಜೆ.ಸಿ. ರೋಡಲ್ಲಿ ಒಂದೊಂದು ಪಾರ್ಟೂ ಆರಿಸಿ ತಂದು ನಾನೇ ಮಾಡ್ಕೊಂಡಿದ್ದು. ಸ್ಲೀವ್ ಹಾಕಿದ್ದೀನಿ ನೋಡಿ, ಕಂಪನಿ ವೈರಿಂಗ್ ತರಾನೇ ಕಾಣುತ್ತೆ.

ಘಾಟಿಗಣಪ · 10:47

ನಿಮ್ಮದು ಎಲ್‌ಇಡಿ ಅಂದ್ರಲ್ಲ, ಅದಕ್ಕೆ ಯಾಕೆ ದಪ್ಪ ವೈರು?

ಕ್ಸೆನಾನ್ ಕಿಂಗ್ · 10:55

ಎಲ್‌ಇಡಿ ಬಂದಿದ್ದು ಆಮೇಲೆ.

ಹಳೇಡೀಸೆಲ್ · 11:02

ಮಂಜಿನಲ್ಲಿ ಬಿಳಿ ಲೈಟ್ ಹಾಕಿದರೆ ಮುಂದೆ ಗೋಡೆ ಕಟ್ಟಿದ ಹಾಗಿರುತ್ತೆ. ಚಾರ್ಮಾಡಿಗೆ ಹಳದಿಯೇ ಸರಿ.

ಘಾಟಿಗಣಪ · 11:08

ಬಣ್ಣಕ್ಕಿಂತ ಎತ್ತರ ಮುಖ್ಯ. ಮಂಜಿನಲ್ಲಿ ಲೋ ಬೀಮಲ್ಲೇ ಹೋಗಬೇಕು, ಹೈ ಹಾಕಿದರೆ ಯಾವ ಬಣ್ಣವಾದರೂ ಗೋಡೆಯೇ.

(ಇಲ್ಲಿಂದ ಮುಂದೆ ಹಳದಿ–ಬಿಳಿ ಜಗಳದ ಹದಿನಾಲ್ಕು ಉತ್ತರಗಳನ್ನು ಬೇರೆ ಎಳೆಗೆ ಸರಿಸಲಾಗಿದೆ. – ನಿರ್ವಾಹಕ)

ಏಳುಸೀಟು · ಮಂಗಳವಾರ ರಾತ್ರಿ 8:50

ಸೆರಾಮಿಕ್ ಹೋಲ್ಡರ್ ಹಾಕಿದೆ. ಉರೀತು! ನೀಲಿ ದೀಪವೂ ಆರಿತು. ಬಲಗಡೆ ಹೋಲ್ಡರ್ ಕೂಡ ಸ್ವಲ್ಪ ಕಂದಾಗಿತ್ತು, ಅದನ್ನೂ ಬದಲಾಯಿಸಿದೆ.

ಎದುರು ಮನೆ ಗೋಡೆ ಮೇಲೆ ಬೆಳಕು ಬಿಟ್ಟು ನೋಡಿದರೆ ಎರಡೂ ಬಲ್ಬಿನ ಬೆಳಕು ಎಡಗಡೆಗೆ ಮೇಲೆ ಏರಿದೆ. ತಪ್ಪು ಕೂರಿಸಿದ್ದೇನಾ?

ಮೀಟರ್ ಮಾಮ · 9:00

ಎರಡರಲ್ಲೂ ಒಂದೇ ತರ ಇದ್ದರೆ ಸರಿಯಾಗೇ ಇದೆ. ನಾವು ಎಡಗಡೆ ಓಡಿಸೋರು. ಎದುರಿನವರ ಕಣ್ಣಿಗೆ ಬೀಳದೆ ರಸ್ತೆಯ ಎಡ ಅಂಚು ದೂರದವರೆಗೆ ಕಾಣಲಿ ಅಂತ ಹಾಗೆ ಮಾಡಿರೋದು. ಒಂದು ಕಡೆ ಮಾತ್ರ ಆಕಾಶ ನೋಡ್ತಾ ಇದ್ದರೆ ಬಲ್ಬಿನ ಮೂರು ಕಿವಿಯಲ್ಲಿ ಅಗಲದ ಕಿವಿ ಅದರ ಕಚ್ಚಿನಲ್ಲಿ ಕೂತಿಲ್ಲ ಅಂತ ಅರ್ಥ.

ಬಲ್ಬಿನ ಹಿಂದೆ ಮುಚ್ಚೋ ರಬ್ಬರ್ ಬೂಟ್ ಹಾಕಿದಿರಿ ತಾನೇ? ಹಾಕದಿದ್ದರೆ ನೀರು, ಧೂಳು ಒಳಗೆ ಹೋಗಿ ರಿಫ್ಲೆಕ್ಟರ್ ಹಾಳಾಗುತ್ತೆ.

ಏಳುಸೀಟು · 9:14

ಬಲಗಡೆ ಹಾಕಿದೆ. ಎಡಗಡೆಯದು ಕೈ ಜಾರಿ ಬಂಪರ್ ಒಳಗೆ ಬಿತ್ತು. ಟಾರ್ಚ್ ಹಾಕಿದರೆ ಕಾಣುತ್ತೆ, ಬೆರಳಿಗೆ ಸಿಗ್ತಿಲ್ಲ. ಮ್ಯಾಗ್ನೆಟ್ ಕಟ್ಟಿ ಇಳಿಸಿದೆ.

ಸ್ಪ್ಯಾನರ್1012 · 9:16

ರಬ್ಬರಿಗೆ ಮ್ಯಾಗ್ನೆಟ್ಟಾ?

ಹಳೇಡೀಸೆಲ್ · 9:20

ಬಟ್ಟೆ ಒಣಗಿಸೋ ಕಬ್ಬಿಣದ ತಂತಿ ಒಂದು ಮೊಳ ತಗೊಳ್ಳಿ. ತುದಿ ಕೊಕ್ಕೆ ಮಾಡಿ. ನಿಧಾನಕ್ಕೆ ಇಳಿಸಿ, ಬೂಟಿನ ನಡುವಿನ ತೂತಿಗೆ ಸಿಕ್ಕಿಸಿ ಎತ್ತಿ. ಬರುತ್ತೆ.